ಧ್ವಜ, ಚಿಮಣಿ ಮತ್ತು ಬಾವಿ ಕಟ್ಟೆಯ ರೇಂಜು

೧

“ಹೇಳ ಅವರಿಗೆ. ಇದು ಹೊಳಿ ನೀರು, ಹೈವೇ ಅಲ್ಲ ಅಂತ ಹೇಳ. ಆ ಫೋನಿನ ಬಾಯಿ ಮುಚ್ಚಸ್ರಿ ಅಂತ ಹೇಳ, ಇಲ್ಲಾಂದ್ರ ನಾ ಇಲ್ಲೇ ಇಳದ ಹೊಕ್ಕೀನಿ.”

ವಿಠೋಬಾ ಇಷ್ಟು ಒದರಿದ್ದು ಹೆಂಡತಿ ಲಗಮವ್ವನಿಗೆ. ಸಿಟ್ಟು ಇದ್ದದ್ದು ಅಳಿಯ ಸಂಜಯನ ಮೇಲೆ. ಅಳಿಯ ಅದೇ ನಾವೆಯಲ್ಲಿ, ಎರಡು ಮಾರು ದೂರದಲ್ಲಿ ಕೂತಿದ್ದ; ಅವನ ಎರಡೂ ಕಿವಿ ಚೆನ್ನಾಗಿದ್ದವು. ಆದರೂ ಮಾತು ಲಗಮವ್ವನನ್ನು ಹಾದೇ ಹೋಗಬೇಕು. ಮಗಳನ್ನು ಕೊಟ್ಟ ಮನೆಯವನಿಗೆ ನೇರ ಬೈಯುವ ರೂಢಿ ನಮ್ಮ ಕಡೆ ಇಲ್ಲ. ಬೈಯಬೇಕೆನಿಸಿದರೆ ಹೆಂಡತಿಗೆ ಬೈಯಬೇಕು, ಎಮ್ಮೆಗೆ ಬೈಯಬೇಕು, ಏನೂ ಸಿಗದಿದ್ದರೆ ಬಕೀಟಿಗೆ ಬೈಯಬೇಕು. ಅಳಿಯನಿಗೆ ಅರ್ಥವಾಗುತ್ತದೆ. ಅರ್ಥವಾಗದವನ ಹಾಗೆ ಕೂರುವುದು ಅವನ ಕೆಲಸ.

“ಅಳಿಯಾರ, ಇದು ಹೈವೇ ಅಲ್ಲಂತರಿ,” ಎಂದಳು ಲಗಮವ್ವ.

“ಹೌದ್ರಿ ಅತ್ತಿ. ಮಾವಾರಿಗೆ ಹೇಳ್ರಿ, ಇದು ಬರೇ ದಾರಿ ತೋರಸ್ತೈತಿ, ನಾವಿ ಹೊಡಿಯಾವ್ರು ಅವರ ಅಂತ.”

ಓದುಗರೇ, ಕಥೆಯನ್ನು ಇಲ್ಲಿಂದ ಶುರು ಮಾಡಿದ್ದು ಸರಿಯೇ? ನನಗೇ ಖಾತ್ರಿಯಿಲ್ಲ. ಮೊದಲು ಬರೆದ ಆರಂಭ ಬೇರೆಯಿತ್ತು. ‘ಕೃಷ್ಣೆ ಎರಡೂ ದಂಡೆ ತುಂಬಿ ಹರಿಯುತ್ತಿದ್ದಳು’ ಅಂತ ಬರೆದೆ. ಓದಿ ನೋಡಿ ಹಾಳೆ ಹರಿದೆ. ಹೊಳೆ ಬಂದಾಗ ನಮ್ಮೂರಲ್ಲಿ ಒಬ್ಬನೂ ಹೀಗೆ ಮಾತಾಡುವುದಿಲ್ಲ. “ನೀರು ಎಲ್ಲಿಗೆ ಬಂತು?” ಅಂತ ಕೇಳುತ್ತಾರೆ. “ಗರಡಿಮನಿ ಮೆಟ್ಟಲಕ್ಕ” ಅಂದರೆ ಚಹಾ ಕುಡಿಯುತ್ತಾರೆ. “ಸಾಲಿ ಗ್ವಾಡಿಗೆ” ಅಂದರೆ ಎದ್ದು ದನ ಬಿಚ್ಚುತ್ತಾರೆ. ಎರಡನೆಯ ಆರಂಭದಲ್ಲಿ ಎಮ್ಮೆ ಇತ್ತು. ಎಮ್ಮೆಯಿಂದ ಶುರುವಾದ ಕಥೆಯನ್ನು ಪೇಟೆಯ ಓದುಗರು ಜಾನಪದ ಅಂದುಕೊಂಡು ಬಿಡುತ್ತಾರೆ. ಅದನ್ನೂ ಹರಿದೆ.

ಉಳಿದದ್ದು ಜಗಳ. ಜಗಳ ನನಗೆ ಚೆನ್ನಾಗಿ ಬರುತ್ತದೆ.

೨

ಇನ್ನು ಎಮ್ಮೆಯ ವಿಷಯ. (ತಪ್ಪಿಸಿಕೊಳ್ಳಲು ಆಗುವುದಿಲ್ಲ, ಕಥೆಯೆಲ್ಲ ಅದರ ಹೊಟ್ಟೆಯಲ್ಲಿದೆ.)

ಉಗಾರ ಖುರ್ದದ ಕಡೆ ಹೊಳೆ ಬಳಸಿಕೊಂಡು ಹೋಗುವಲ್ಲಿ ನಮ್ಮೂರು. ಹೆಸರು ಹೇಳುವುದಿಲ್ಲ, ಹೇಳಿದರೆ ನಾಳೆ ನಾನು ಕಟ್ಟೆಗೆ ಕೂರುವ ಹಾಗಿಲ್ಲ. ಊರಿನಿಂದ ಅರ್ಧ ಮೈಲಿ ಆಚೆ, ಕಬ್ಬಿನ ನಡುವೆ ಒಂದು ದಿಬ್ಬ. ದಿಬ್ಬದ ಮೇಲೆ ವಿಠೋಬಾನ ತೋಟದ ಮನೆ. ಮಹಾಪೂರ ಬಂತೆಂದರೆ ದಿಬ್ಬ ನಡುಗಡ್ಡೆಯಾಗುತ್ತದೆ. ಈ ಸಲ ನೀರು ಏರಿದಾಗ ಉಳಿದ ದನಗಳನ್ನು ಊರಿಗೆ ಹೊಡೆದುಕೊಂಡು ಬಂದರು. ಒಂದು ಎಮ್ಮೆಗೆ ದಿನ ತುಂಬಿತ್ತು. ಅದನ್ನು ನೀರಿಗಿಳಿಸಲು ಧೈರ್ಯ ಸಾಲದೆ ದಿಬ್ಬದ ಮೇಲೇ ಬಿಟ್ಟರು. ದಿನಕ್ಕೆರಡು ಸಲ ಗಂಡ ಹೆಂಡತಿ ನಾವೆಯಲ್ಲಿ ಹೋಗಿ ಮೇವು ಹಾಕಿ ಬರುತ್ತಿದ್ದರು. ಆ ಎಮ್ಮೆ ಲಗಮವ್ವನನ್ನು ಬಿಟ್ಟು ಯಾರನ್ನೂ ಹತ್ತಿರ ಬಿಡುವುದಿಲ್ಲ. ಹೋದ ಸಲ ಈಯುವಾಗ ಹತ್ತಿರ ಹೋದ ದನದ ಡಾಕ್ಟರ ಇವತ್ತಿಗೂ ಸ್ವಲ್ಪ ಓರೆಯಾಗಿ ನಡೆಯುತ್ತಾನೆ. ಇವತ್ತು ಅದು ಈಯುವ ಹಾಗಿತ್ತು; ಹೊತ್ತೇರುವ ಮೊದಲು ಲಗಮವ್ವ ಅಲ್ಲಿ ಮುಟ್ಟಬೇಕು.

ಸಂಜಯ ಯಾಕೆ ನಾವೆಯಲ್ಲಿ? ಅವನು ನಿಪ್ಪಾಣಿಯವನು, ಅಲ್ಲಿ ಟೆಂಪೋ ಓಡಿಸುತ್ತಾನೆ. ಪಂಚಮಿಗೆ ತವರಿಗೆ ಬಂದ ಹೆಂಡತಿ ಮನೀಷಾಳನ್ನು, ಜೊತೆಗೆ ಒಂದು ಡಬ್ಬಿ ಉಂಡಿಯನ್ನು ಕರೆದುಕೊಂಡು ಹೋಗಲು ಬಂದ. ಅವನು ಬಂದ ಮರುದಿನ ರಸ್ತೆ ಮುಳುಗಿತು. ಮೂರು ದಿನ ಅತ್ತೆಯ ಮನೆಯಲ್ಲಿ ಕೂತು ಉಂಡಿ ತಿಂದ. ನಾಲ್ಕನೆಯ ದಿನ, ನಾನೂ ಬರ್ತೀನ್ರಿ ಅಂದ. ಅಳಿಯ ಬರ್ತೀನಿ ಅಂದರೆ ಬೇಡ ಅನ್ನಲು ಬರುವುದಿಲ್ಲ. ಬಂದವನು ನಾವೆಯ ಮೂತಿಗೆ ಟೆಂಪೋದ ರಬ್ಬರ್ ಸ್ಟ್ಯಾಂಡ್ ಅಂಟಿಸಿ, ಅದರಲ್ಲಿ ಫೋನ್ ಸಿಕ್ಕಿಸಿದ. ಫೋನಿನೊಳಗಿನ ಹೆಂಗಸು ಬೆಂಗಳೂರಿನ ಕನ್ನಡದಲ್ಲಿ ಮಾತು ಶುರು ಮಾಡಿದಳು.

“ಮುನ್ನೂರು ಮೀಟರ್ ನೇರವಾಗಿ ಸಾಗಿ.”

ವಿಠೋಬಾನಿಗೆ ಉರಿದದ್ದು ಇಲ್ಲಿಂದ. ಮೂವತ್ತು ವರ್ಷ ಈ ನೀರಿನ ಮೇಲೆ ಬಿದಿರ ಗಳ ಹಾಕಿ ನಾವೆ ನಡೆಸಿದವನು. ಊರನ್ನು ನೀರು ಸುತ್ತಿದಾಗೆಲ್ಲ ಬಸುರಿ ಬಾಣಂತಿಯರನ್ನು, ಪರೀಕ್ಷೆಯ ಮಕ್ಕಳನ್ನು, ಒಮ್ಮೆ ಒಬ್ಬ ಪೂಜಾರಿಯನ್ನು ದೇವರ ಸಮೇತ ದಾಟಿಸಿದವನು. “ವಿಠೋಬಾನ ನಾವಿ ಐತಿ ತೊಗೊ” ಅನ್ನುವ ಮಾತು ಊರಲ್ಲಿದೆ. ಆ ಮಾತೇ ಅವನ ಆಸ್ತಿ. ಹೊಲ ಒಂದೂವರೆ ಎಕರೆ ಮಾತ್ರ.

(ಈ ಕಥೆಯೊಳಗೆ ಬರಲು ಅವನು ಒಂದು ಕರಾರು ಹಾಕಿದ್ದ. “ಏನರ ಬರಿ, ಒಂದ ಸಂಗತಿ ಬರೀಬ್ಯಾಡ,” ಅಂದಿದ್ದ. ನಾನು ಆಗಲಿ ಅಂದಿದ್ದೆ.)

೩

ದಾರಿ ಹೇಗಿದೆ ಅಂತ ಹೇಳದಿದ್ದರೆ ಮುಂದಿನದು ನಿಮಗೆ ಗೊತ್ತಾಗುವುದಿಲ್ಲ. ಸ್ವಲ್ಪ ತಾಳ್ಮೆ ಇರಲಿ. ನನಗಿಲ್ಲ, ನಿಮಗಾದರೂ ಇರಲಿ.

ಊರಿಗೂ ದಿಬ್ಬಕ್ಕೂ ನಡುವೆ ಕಬ್ಬು. ನೀರು ಎದೆಮಟ್ಟ, ಕಬ್ಬು ಅದರ ಮೇಲೆ ಇನ್ನೊಂದು ಆಳು. ನಾವೆಯಲ್ಲಿ ಕೂತವರಿಗೆ ಎಡಬಲಕ್ಕೆ ಹಸಿರು ಗೋಡೆ, ಮೇಲೆ ಆಕಾಶ, ಅಷ್ಟೇ. ದಿಬ್ಬ ಕಾಣುವುದಿಲ್ಲ. ಕೆಳಗೆ ಒಂದು ಗಾಡಿ ದಾರಿ ಮುಳುಗಿದೆ. ಅದರ ಮೇಲೇ ಹೋಗಬೇಕು. ಆದರೆ ಪೂರಕ್ಕೆ ಅಲ್ಲಲ್ಲಿ ಕಬ್ಬು ಮಲಗಿ, ದಾರಿಯಲ್ಲದ ಕಡೆಯೂ ದಾರಿ ಬಿದ್ದಿವೆ. ಎಡಕ್ಕೆ ತಪ್ಪಿದರೆ ಹಳ್ಳದ ಸೆಳವು. ಬಲಕ್ಕೆ ತಪ್ಪಿದರೆ ವಿರುಪಾಕ್ಷಪ್ಪನ ತಗ್ಗಿನ ಹೊಲ, ಅದರಲ್ಲಿ ತೆರೆದ ಬಾವಿ, ಬಾವಿಯ ಮೇಲೆ ಮೋಟರು ಎತ್ತುವ ಕಬ್ಬಿಣದ ಕಂಬ. ಕಂಬದ ತುದಿ ಈಗ ನೀರಿನಿಂದ ಒಂದು ಗೇಣು ಕೆಳಗೆ.

ಕಬ್ಬಿನ ಮೇಲೆ ಕಾಣುವುದು ಎರಡೇ. ದಿಬ್ಬದ ಆಚೆ ಹನಮಪ್ಪನ ಗುಡಿಯ ಧ್ವಜ. ಅದರ ಆಚೆ, ಹೊಳೆಯ ಆ ದಂಡೆಗೆ, ಸಕ್ಕರೆ ಕಾರ್ಖಾನೆಯ ಚಿಮಣಿ. ಧ್ವಜ ಸರಿಯಾಗಿ ಚಿಮಣಿಯ ಮುಂದೆ ನಿಂತಿದ್ದರೆ ನೀವು ಗಾಡಿ ದಾರಿಯ ಮೇಲಿದ್ದೀರಿ. ಧ್ವಜ ಚಿಮಣಿಯ ಎಡಕ್ಕೆ ಸರಿದರೆ ನೀವು ಬಲಕ್ಕೆ ತಪ್ಪಿದ್ದೀರಿ. ಬಲಕ್ಕೆ ಸರಿದರೆ ಎಡಕ್ಕೆ. ವಿಠೋಬಾನ ಅಪ್ಪ ಕಲಿಸಿದ್ದು ಇಷ್ಟೇ. ಜೊತೆಗೆ ಗಳ: ನೆಲ ಟಕ್ ಅಂದರೆ ದಾರಿ, ಬುಸ್ ಅಂತ ಹೂತರೆ ಹೊಲ.

ಇನ್ನು ಲಗಮವ್ವನ ಬಾಯಿ. ನಾವೆ ಹತ್ತಿದರೆ ಸಾಕು, ಆಕೆ ಮುಂದೆ ಕೂತು ಒಂದೇ ಸಮ ಮಾತಾಡುತ್ತಾಳೆ. “ಹನಮಪ್ಪನ ಧ್ವಜ ನೋಡ್ರಿ, ಚಿಮಣಿಗೆ ಕೂಡೇ ಬಿಡ್ತು.” “ಈಗ ಒಂಚೂರ ಬಲಕ್ಕ ವಾಲೇತಿ ನೋಡ್ರಿ, ಗಾಳಿಗೆ ಏನೋ.” ನಾವೆಯಲ್ಲಿ ಕೂತ ಮಂದಿ ನಗುತ್ತಾರೆ. ಲಗಮವ್ವನ ಬಾಯಿಗೆ ಬೀಗ ಇಲ್ಲ ಅನ್ನುತ್ತಾರೆ. ವಿಠೋಬಾನೂ ಹ್ಞೂಂ ಅನ್ನದೆ ಸುಮ್ಮನೆ ಗಳ ಹಾಕುತ್ತಾನೆ.

(ನಾನು ಹೇಳಿಬಿಡುತ್ತೇನೆ. ಮಾತು ಕೊಟ್ಟದ್ದು ನಿಜ, ಆದರೆ ಓದುಗರ ಮುಂದೆ ಸುಳ್ಳು ಹೇಳಿಕೊಂಡು ಎಷ್ಟು ದೂರ ಹೋಗಲಿ? ವಿಠೋಬಾನಿಗೆ ಧ್ವಜ ಕಾಣುವುದಿಲ್ಲ. ಚಿಮಣಿಯೂ ಕಾಣುವುದಿಲ್ಲ. ಎರಡು ವರ್ಷವಾಯಿತು, ಎರಡೂ ಕಣ್ಣಿಗೆ ಪೊರೆ ಬಂದಿದೆ. ದೂರದ್ದೆಲ್ಲ ಅವನಿಗೆ ಮಜ್ಜಿಗೆ ಸುರಿದಂತೆ. ಲಗಮವ್ವನಿಗೆ ಬಾಯಿ ಜಾಸ್ತಿಯಲ್ಲ, ಆಕೆ ಅವನಿಗೆ ಕಣ್ಣಾಗಿ ಕೂತಿದ್ದಾಳೆ. ಇದು ಊರಿಗೆ ಗೊತ್ತಾದರೆ ನಾಳೆ ಅವನ ನಾವೆಯಲ್ಲಿ ಯಾರೂ ಕೂರುವುದಿಲ್ಲ. ಕಂಸದೊಳಗೆ ಹಾಕಿದ್ದೇನೆ, ಮೆಲ್ಲಗೆ ಓದಿರಿ.)

೪ (ಹರಿದದ್ದು, ಆದರೆ ತುಂಡುಗಳು ಇಲ್ಲೇ ಇವೆ)

ಒಂದು ಕರಡಿನಲ್ಲಿ ಫೋನನ್ನು ಗೆಲ್ಲಿಸಿದ್ದೆ. ಸಂಜಯ ತೋರಿಸಿದ ದಾರಿಯಲ್ಲಿ ನಾವೆ ಬೆಣ್ಣೆಯಂತೆ ಸಾಗಿ ದಿಬ್ಬ ಮುಟ್ಟಿತು, ಮಾವ ಅಳಿಯನ ಬೆನ್ನು ತಟ್ಟಿದ. ಓದಿದ ಮೇಲೆ ಇದು ಮೊಬೈಲ್ ಅಂಗಡಿಯ ಬೋರ್ಡಿನಂತೆ ಕಂಡಿತು.

ಇನ್ನೊಂದರಲ್ಲಿ ಫೋನನ್ನು ನೀರಿಗೆ ಬೀಳಿಸಿದ್ದೆ. ಬಹಳ ಸಂತೋಷದಿಂದ ಬೀಳಿಸಿದ್ದೆ, ಗುಳುಂ ಅನ್ನುವ ಶಬ್ದಕ್ಕೇ ಒಂದು ಸಾಲು ಕೊಟ್ಟಿದ್ದೆ. ಸಂಜಯ ಒಪ್ಪಲಿಲ್ಲ. ಹಳೆಯದು ಒಳ್ಳೆಯದು, ಹೊಸದು ಕೆಟ್ಟದ್ದು ಅಂತ ತೋರಿಸಲು ನನ್ನ ಫೋನೇ ಬೇಕೇ, ನಿಮ್ಮದನ್ನು ಬೀಳಿಸಿ ಅಂದ. ನನ್ನ ಫೋನ್ ಆಗ ಚಾರ್ಜಿಗೆ ಹಾಕಿತ್ತು. ಅದನ್ನೂ ಹರಿದೆ.

ಒಂದು ಮಾತು ಒಪ್ಪಿಕೊಳ್ಳಲೇಬೇಕು. ಆ ಫೋನಿನ ಹೆಂಗಸು ಸಿಟ್ಟಾಗುವುದಿಲ್ಲ. ನೀವು ಆಕೆಯ ಮಾತು ಮೀರಿ ಎತ್ತ ಹೋದರೂ, ಒಂದು ಕ್ಷಣ ಸುಮ್ಮನಿದ್ದು, ಅಲ್ಲಿಂದಲೇ ಹೊಸದಾಗಿ ದಾರಿ ಹೇಳುತ್ತಾಳೆ. ನಾನು ಇಲ್ಲಿಯತನಕ ಮೂರು ಸಲ ಪೆನ್ನು ಒಗೆದಿದ್ದೇನೆ.

೫

ಮತ್ತೆ ನಾವೆಗೆ. ಜಗಳ ಇನ್ನೂ ನಡೆದಿದೆ.

ವಿಠೋಬಾ ಲಗಮವ್ವನಿಗೆ ಹೇಳಿದ್ದು: ನನ್ನ ಅಪ್ಪ ಕತ್ತಲಿದ್ದರೂ ಮಂಜಿದ್ದರೂ ಗಳದ ತುದಿಯಿಂದಲೇ ದಾರಿ ಹಿಡಿಯುತ್ತಿದ್ದ, ಅವನಿಗೆ ಯಾವ ಹೆಂಗಸೂ ಎಡ ಬಲ ಹೇಳುತ್ತಿರಲಿಲ್ಲ. ಸಂಜಯ ಲಗಮವ್ವನಿಗೆ ಹೇಳಿದ್ದು: ಅಜ್ಜಾರ ಕಾಲದಲ್ಲಿ ಕಬ್ಬು ಇಷ್ಟು ಎತ್ತರ ಎಲ್ಲಿತ್ತು, ಆಗ ಜೋಳ ಇತ್ತು. ವಿಠೋಬಾ ಲಗಮವ್ವನಿಗೆ: ಜೋಳದ ವಿಷಯ ನಿಪ್ಪಾಣಿಯವರಿಂದ ಕಲಿಯಬೇಕಾಗಿಲ್ಲ. ಸಂಜಯ ಲಗಮವ್ವನಿಗೆ: ಹೌದ್ರಿ, ತಪ್ಪಾತು. ವಿಠೋಬಾ ಲಗಮವ್ವನಿಗೆ: ತಪ್ಪಾತು ಅನ್ನೂದು ಏನೈತಿ, ನಾ ಏನ್ ಬೈದ್ನ್ಯಾ?

ಲಗಮವ್ವ ಎರಡೂ ಕಡೆ ತಿರುಗಿ ತಿರುಗಿ ಮಾತು ಸಾಗಿಸುತ್ತಿದ್ದಳು. ಆಕೆಯ ಕುತ್ತಿಗೆ ನೋಯುತ್ತಿತ್ತು. ಮನಸ್ಸು ಎಮ್ಮೆಯ ಹತ್ತಿರ ಇತ್ತು. ಇಷ್ಟು ಕೆಲಸದ ನಡುವೆ ಆಕೆ ಒಂದು ಕೆಲಸ ಮಾಡಲಿಲ್ಲ, ಮುಂದೆ ನೋಡಲಿಲ್ಲ. ಧ್ವಜದ ಮಾತು, ಚಿಮಣಿಯ ಮಾತು ಆಕೆಯ ಬಾಯಿಂದ ಬರಲೇ ಇಲ್ಲ.

ವಿಠೋಬಾನಿಗೆ ಅದು ಗೊತ್ತಾಯಿತು. ಮಜ್ಜಿಗೆಯಂಥ ಬೆಳಕಿನ ಒಳಗೆ ನಿಂತು ಗಳ ಹಾಕುತ್ತಿದ್ದ. ಕೇಳಬೇಕು ಅಂದುಕೊಂಡ. ಕೇಳಿದರೆ ಅಳಿಯನ ಮುಂದೆ ಕೇಳಿದಂತೆ. ಅಷ್ಟರಲ್ಲಿ ಗಳ ಬುಸ್ ಅಂತ ಹೂತಿತು. ಹೊಲ. ದಾರಿ ತಪ್ಪಿದೆ, ಆದರೆ ಎತ್ತ? ಅವನ ಎದೆಯಲ್ಲಿ ಮೊದಲಿನಿಂದಲೂ ಇದ್ದ ಹೆದರಿಕೆ ಒಂದೇ, ಎಡಗಡೆಯ ಸೆಳವು. ಸೆಳವಿನ ಕಡೆಗೇ ಬಂದಿರಬೇಕು ಅಂದುಕೊಂಡು ಬಲಕ್ಕೆ ಒತ್ತಲು ಗಳ ಎತ್ತಿದ.

“ಐವತ್ತು ಮೀಟರ್ ನಂತರ ಬಲಕ್ಕೆ ತಿರುಗಿ,” ಎಂದಳು ಫೋನಿನವಳು.

ಗಳ ಗಾಳಿಯಲ್ಲೇ ನಿಂತಿತು. ಈಗ ಬಲಕ್ಕೆ ಹೋದರೆ ಆಕೆಯ ಮಾತು ಕೇಳಿದಂತೆ. ಹೋಗದಿದ್ದರೆ ಸೆಳವು.

“ಹೇಳ ಅವರಿಗೆ,” ಅಂದ ವಿಠೋಬಾ, “ನಾ ಬಲಕ್ಕ ಹೊಂಟದ್ದು ನಂದ ಬುದ್ಧಿಲೆ. ಆಕಿ ಹೇಳಿದ್ದಕ್ಕಲ್ಲ.”

೬

ಇಲ್ಲಿ ಫೋನಿನ ಪರವಾಗಿ ಒಂದು ಮಾತು. ಅದು ತಪ್ಪು ಹೇಳಿರಲಿಲ್ಲ.

ವಿಠೋಬಾನ ದಿಬ್ಬದ ಮೇಲೆ ರೇಂಜ್ ಇಲ್ಲ. ಸುತ್ತಲಿನ ಹತ್ತು ತೋಟಗಳಲ್ಲೂ ಇಲ್ಲ. ಇರುವುದು ಒಂದೇ ಕಡೆ, ವಿರುಪಾಕ್ಷಪ್ಪನ ಬಾವಿ ಕಟ್ಟೆಯ ಮೇಲೆ. ಅಲ್ಲಿ ಹತ್ತಿ, ಒಂದು ಕೈಯಿಂದ ಮೋಟರಿನ ಕಂಬ ಹಿಡಿದು, ಇನ್ನೊಂದು ಕೈಯನ್ನು ಕಾರ್ಖಾನೆಯ ಕಡೆ ಚಾಚಿದರೆ ಎರಡು ಗೆರೆ ಬರುತ್ತವೆ. ಕಬ್ಬು ಕಡಿಯುವ ಗ್ಯಾಂಗಿನವರಿಗೆ ಬೈಯುವುದು ಅಲ್ಲಿಂದ. ಕನ್ಯೆ ನೋಡಲು ಬರುವವರಿಗೆ ಬರ್ರಿ ಅನ್ನುವುದು ಅಲ್ಲಿಂದ. ಮದುವೆಯಾದ ವರ್ಷ ಮನೀಷಾ ಗಂಡನಿಗೆ ತೋಟದ ಲೊಕೇಶನ್ ಕಳಿಸಿದ್ದೂ ಅಲ್ಲಿಂದ. ಅಂದರೆ ನಮ್ಮ ಭಾಗದ ಎಲ್ಲರ ಫೋನಿನಲ್ಲೂ ಹತ್ತು ತೋಟಗಳ ಹತ್ತು ಹೆಸರು ಒಂದೇ ಬಾವಿಯ ಮೇಲೆ ಕೂತಿವೆ. ಬೇಸಿಗೆಯಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಬೀಗರು ಬಾವಿಯ ತನಕ ಬರುತ್ತಾರೆ, ತಲೆ ಎತ್ತಿದರೆ ಮನೆ ಕಾಣುತ್ತದೆ, ಯಾರಾದರೂ ಸೀಟಿ ಹೊಡೆಯುತ್ತಾರೆ.

ಸಂಜಯ ಹುಷಾರಿ ಡ್ರೈವರ್. ರೇಂಜ್ ಇಲ್ಲದ ಕಡೆಗೆಂದು ನಕಾಶೆಯನ್ನು ಮೊದಲೇ ಇಳಿಸಿಟ್ಟುಕೊಂಡಿದ್ದ. ಅದರಲ್ಲಿ ‘ಮಾವಾರ ತೋಟ’ ಅಂತ ಒಂದು ಕೆಂಪು ಗುರುತು. ಫೋನು ಒಂದು ಮೊಳವೂ ತಪ್ಪದೆ ಆ ಗುರುತಿಗೆ ನಾವೆಯನ್ನು ಕರೆದೊಯ್ದಿತು. ವಿಠೋಬಾ ತನ್ನದೇ ಬುದ್ಧಿಯಿಂದ ಅದೇ ಜಾಗಕ್ಕೆ ಒತ್ತಿದ.

“ನೀವು ತಲುಪಬೇಕಾದ ಸ್ಥಳವನ್ನು ತಲುಪಿದ್ದೀರಿ.”

ಕಂಬದ ತುದಿ ನಾವೆಯ ತಳದ ತಗಡು ಪತ್ರಾಕ್ಕೆ ತಾಗಿ ಕರ್‍ರ್ ಅಂತ ಇಡೀ ಉದ್ದಕ್ಕೆ ಕೆರೆಯಿತು. ನಾವೆ ಒಂದು ಕಡೆ ವಾಲಿತು. ಮೇವಿನ ಸೂಡು ನೀರಿಗೆ ಬಿತ್ತು. ವಿಠೋಬಾ ಗಳ ಊರಿದ. ಗಳಕ್ಕೆ ನೆಲ ಸಿಗಲಿಲ್ಲ. ಅದು ಅವನ ಕೈಯೊಳಗೇ ಜಾರುತ್ತ ಕೆಳಗೆ, ಇನ್ನೂ ಕೆಳಗೆ ಹೋಯಿತು. ಬಾವಿ ಅಂತ ಅವನಿಗೆ ಆಗ ತಿಳಿಯಿತು. ಎರಡೂ ಕೈಯಿಂದ ಗಳ ಹಿಂದಕ್ಕೆಳೆದುಕೊಂಡ. ನಾವೆಯ ತಳದಲ್ಲಿ ಹೊಲಿಗೆ ಬಿಟ್ಟು ನೀರು ಬುಗ್ಗೆ ಎದ್ದಿತು.

ಲಗಮವ್ವ ಹಾಲಿನ ಕ್ಯಾನಿನಿಂದ ನೀರು ಮೊಗೆದು ಹೊರಗೆ ಚೆಲ್ಲುತ್ತ, ತಲೆ ಎತ್ತಿ ಮುಂದೆ ನೋಡಿದಳು.

“ಇಬ್ರೂ ಬಾಯಿ ಮುಚ್ರಿ,” ಅಂದಳು. “ಧ್ವಜ ಚಿಮಣಿಯಿಂದ ಎಡಕ್ಕ ಎರಡ ಗೇಣು ಐತಿ. ಬಲಕ್ಕ ಬಂದೀವಿ. ಎಡಕ್ಕ ಒತ್ರಿ.”

ಹರಟೆಯ ಸೋಗು ಇಲ್ಲದೆ ಆಕೆ ಹೀಗೆ ಹೇಳಿದ್ದು ಇದೇ ಮೊದಲು. ಸಂಜಯ ಕಂಬಕ್ಕೆ ಕಾಲು ಕೊಟ್ಟು ನಾವೆಯನ್ನು ಬಿಡಿಸಿದ, ವಿಠೋಬಾ ಎಡಕ್ಕೆ ಒತ್ತಿದ. ಗಳ ಟಕ್ ಅಂದಿತು. ಸಂಜಯ ಫೋನನ್ನು ಸ್ಟ್ಯಾಂಡಿನಿಂದ ತೆಗೆದು ಕಿಸೆಯಲ್ಲಿಟ್ಟುಕೊಂಡ. ದಿಬ್ಬ ಮುಟ್ಟುವ ತನಕ ಲಗಮವ್ವನೊಬ್ಬಳೇ ಮಾತಾಡಿದಳು: ಕೂಡೇತಿ, ಕೂಡೇತಿ, ಒಂಚೂರ ಬಲಕ್ಕ, ಹಾಂ, ಕೂಡೇತಿ.

೭

ಇಲ್ಲಿಗೆ ಕಥೆ ಮುಗಿಸಬಹುದಿತ್ತು. ಫೋನು, ಗಳ ಎರಡೂ ಸೋತವು, ಹೆಂಗಸು ಗೆದ್ದಳು, ಚಪ್ಪಾಳೆ. ಆದರೆ ನಾವೆ ಕಟ್ಟಿ, ಲಗಮವ್ವ ಕೊಟ್ಟಿಗೆಗೆ ಓಡಿದ ಮೇಲೆ, ವಿಠೋಬಾ ನನ್ನ ಕಡೆ ತಿರುಗಿದ. ನಾನು ಆ ದಿಬ್ಬದ ಮೇಲೆ ಇರಲಿಲ್ಲ, ನಮ್ಮ ಮನೆಯ ಪಡಸಾಲೆಯಲ್ಲಿ ಪ್ಯಾಡ್ ಹಿಡಿದು ಕೂತಿದ್ದೆ. ತಪ್ಪಿಸಿಕೊಳ್ಳಲು ಅದು ಸಾಲಲಿಲ್ಲ.

“ಕಥಿ ಬರಿಯಾವನ, ಮೂರನೇದ್ದರಾಗ ಏನ್ ಬರದಿ?”

ನಾನು ಕಂಸದೊಳಗೆ ಹಾಕಿದ್ದೇನೆ ಅಂದೆ.

“ಕಂಸದಾಗ ಹಾಕಿದ್ರ ಮಂದಿಗೆ ಕಾಣೂದಿಲ್ಲೇನ? ಎಲ್ಲಾರಿಗೂ ನನ್ನಂಗ ಪೊರಿ ಬಂದೈತೇನ?”

ನನಗೂ ಸಿಟ್ಟು ಬಂತು. ನಿಜ ಬರೆಯುವುದು ನನ್ನ ಕೆಲಸ ಅಂದೆ. ಕಣ್ಣು ಕಾಣದೆ ಮಂದಿಯನ್ನು ದಾಟಿಸುವುದು ತಪ್ಪು, ಇವತ್ತು ಮೂವರ ಜೀವ ಹೋಗುತ್ತಿತ್ತು, ಬಾವಿ ಕಣ್ಣಿಗೆ ಬಿತ್ತೋ ಇಲ್ಲವೋ ಅಂದೆ. ಈ ಮಾತಿನಲ್ಲಿ ನ್ಯಾಯವಿದೆ. ಇವತ್ತೂ ಹೇಳುತ್ತೇನೆ, ಇದೆ. ಆದರೆ ನಾನು ಅದನ್ನು ಹೇಳಿದ ದನಿ ಕೆಟ್ಟದಿತ್ತು.

ಎರಡು ವರ್ಷದಲ್ಲಿ ಲಗಮವ್ವ ಇಲ್ಲದೆ ಒಂದು ಸಲವೂ ಗಳ ಮುಟ್ಟಿಲ್ಲ ಅಂದ ವಿಠೋಬಾ. ಮಂದಿ ಕೂತದ್ದು ಅವನೊಬ್ಬನ ನಾವೆಯಲ್ಲಲ್ಲ, ಇಬ್ಬರ ನಾವೆಯಲ್ಲಿ. ಇವತ್ತು ತಪ್ಪಿದ್ದು ಕಣ್ಣಿನಿಂದಲ್ಲ, ಜಗಳದಿಂದ. ಆ ಜಗಳ ಹಚ್ಚಿದವರು ಯಾರು? ಕಥೆ ಬೇಸರವಾಗಬಾರದು ಅಂತ ಒಂದನೆಯ ಸಾಲಿನಲ್ಲೇ ಜಗಳ ಇಟ್ಟವರು ಯಾರು?

ನೀವು ಬೇಕಾದರೆ ಮೇಲೆ ಹೋಗಿ ನೋಡಿಕೊಂಡು ಬನ್ನಿ.

“ಸಾಲ್ಯಾಗೂ ನೀ ಹಿಂಗ ಇದ್ದಿ,” ಅಂದ. “ಮಂದಿ ಪಾಟಿ ಇಣಿಕಿ ನೋಡಿ ಮಾಸ್ತರಗ ಹೇಳ್ತಿದ್ದಿ. ಅದಕ್ಕ ನಿಜ ಅಂತಿದ್ದಿ.”

ಅವನು ಗಳ ಕೈಗೆತ್ತಿಕೊಂಡ.

೮ (ಮುಕ್ತಾಯಗಳು, ಬೇಕಾದದ್ದು ಆರಿಸಿಕೊಳ್ಳಲು ಇಟ್ಟಿದ್ದೆ)

ಅ. ಸಂಜಯ ಮಾವನನ್ನು ಟೆಂಪೋದಲ್ಲಿ ಮಿರಜಿಗೆ ಕರೆದೊಯ್ದು ಕಣ್ಣಿನ ಆಪರೇಶನ್ ಮಾಡಿಸುತ್ತಾನೆ. ಪಟ್ಟಿ ಬಿಚ್ಚಿದಾಗ ವಿಠೋಬಾನಿಗೆ ಮೊದಲು ಕಾಣುವುದು ಫೋನ್. (ಸಕ್ಕರೆ ಜಾಸ್ತಿ. ಅದೂ ಅಲ್ಲದೆ ವಿಠೋಬಾನನ್ನು ಯಾರೂ ಕೇಳಿಲ್ಲ.)

ಆ. ಊರಿನವರಿಗೆ ವಿಷಯ ಮೊದಲೇ ಗೊತ್ತಿರುತ್ತದೆ. ಆದರೂ ಕೂರುತ್ತಿದ್ದರು. (ಇದು ನಿಜವಿರಬಹುದು. ಕೇಳಲು ನನಗೆ ಧೈರ್ಯವಿಲ್ಲ.)

ಇ. ಇದನ್ನು ಬರೆಯುವುದರೊಳಗೆ ನಡೆದದ್ದು:

ವಿಠೋಬಾ ಗಳ ಹಿಡಿದು ದಿಬ್ಬದಿಂದ ಇಳಿದ. ಊರಿನ ಕಡೆಗಲ್ಲ, ಗುಡಿಯ ಕಡೆ. ಅತ್ತ ನೀರು ಸೊಂಟಮಟ್ಟ. ಪ್ರತಿ ಹೆಜ್ಜೆಗೂ ಮೊದಲು ಗಳ ಊರಿ, ಕೆಳಗಿನ ಸದ್ದು ಕೇಳಿ, ಆಮೇಲೆ ಕಾಲಿಡುತ್ತಿದ್ದ. ಅವಸರ ಮಾಡಲಿಲ್ಲ. ಸಂಜಯ ದಂಡೆಗೆ ಓಡಿ ಬಂದು “ಮಾವಾರ” ಅಂದ. ಲಗಮವ್ವನ ಮಧ್ಯಸ್ಥಿಕೆ ಇಲ್ಲದೆ ಅವನು ನೇರ ಕರೆದದ್ದು ಅದೊಂದೇ ಸಲ. ವಿಠೋಬಾ ನಿಂತ. ತಿರುಗಿ ನೋಡಲಿಲ್ಲ, ನೋಡಿದ್ದರೂ ಅವನಿಗೆ ಅಲ್ಲಿಂದ ಅಳಿಯನ ಮುಖ ಕಾಣುತ್ತಿರಲಿಲ್ಲ. ಮತ್ತೆ ಗಳ ಊರಿದ. ಕಬ್ಬು ಅವನ ಹಿಂದೆ ಕೂಡಿಕೊಂಡಿತು.

ಕರೆಯಲು ನನ್ನ ಹತ್ತಿರ ವಾಕ್ಯ ಇರಲಿಲ್ಲ. ಗುಡಿಯ ಆಚೆ ನಾನು ಒಂದು ಹೊಳೆ, ಒಂದು ಚಿಮಣಿ ಬಿಟ್ಟರೆ ಏನನ್ನೂ ಬರೆದಿರಲಿಲ್ಲ. ಅವನು ಬರೆಯದ ಕಡೆಗೇ ಹೋದ.

೯

ನಾನೂ ವಿಠೋಬಾನೂ ಜಗಳದಲ್ಲಿದ್ದಾಗ ಕೊಟ್ಟಿಗೆಯಲ್ಲಿ ಎಮ್ಮೆ ಈದಿತ್ತು. ಹೆಣ್ಣುಗರು. ಕಥೆಯೆಲ್ಲ ಯಾವುದಕ್ಕಾಗಿ ಹೊರಟಿತ್ತೋ ಅದನ್ನೇ ನಾನು ನೋಡಲಿಲ್ಲ, ಬರೆಯಲಿಲ್ಲ. ಲಗಮವ್ವ ಗಿಣ್ಣದ ಹಾಲು ಹಿಂಡಿ, ನೀರು ಮೊಗೆದ ಅದೇ ಕ್ಯಾನನ್ನು ತೊಳೆದು ತುಂಬಿಕೊಂಡು ಹೊರಗೆ ಬಂದಳು. ಬಂದವಳು ಮೊದಲು ದಂಡೆ ನೋಡಿದಳು, ಆಮೇಲೆ ಸಂಜಯನನ್ನು.

ಸಂಜಯ ತಲೆ ತಗ್ಗಿಸಿ ಒಂದು ವಿಷಯ ಹೇಳಿದ. ಬಂದ ದಿನವೇ, ಮಾವ ನಾವೆ ಕಟ್ಟುವ ಕಬ್ಬಿಣದ ಬಳೆಯನ್ನು ಎರಡು ಸಲ ತಡವಿ ಹುಡುಕಿದ್ದನ್ನು ಕಂಡಿದ್ದನಂತೆ. ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಫೋನ್ ಹಚ್ಚಿಟ್ಟರೆ ಅದು ಒದರುತ್ತ ಹೋಗುತ್ತದೆ, ಮಾವಾರು ಬೈದುಕೊಳ್ಳುತ್ತಲೇ ಕಿವಿಗೆ ಹಾಕಿಕೊಳ್ಳುತ್ತಾರೆ, ಯಾರೂ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ ಅಂದುಕೊ‍ಂಡಿದ್ದನಂತೆ.

(ಈ ಸಂಜಯನನ್ನು ನಾನು ಹೀಗೆ ಮಾಡಿರಲಿಲ್ಲ. ನಾನು ಮಾಡಿದ್ದು ಉಂಡಿ ತಿಂದು ಶಾಣ್ಯಾತನ ತೋರಿಸುವ ಅಳಿಯನನ್ನು.)

ಅಂದರೆ ಹೆಂಡತಿ ಹರಟೆಯಲ್ಲಿ ಮುಚ್ಚಿದ್ದಳು, ಅಳಿಯ ಫೋನಿನಲ್ಲಿ ಮುಚ್ಚಿದ್ದ. ಬಿಚ್ಚಿದವನು ನಾನೊಬ್ಬನೇ.

ಲಗಮವ್ವ ಗಂಡನನ್ನು ಕೂಗಿ ಕರೆಯಲಿಲ್ಲ. ನಾವೆಯ ಹತ್ತಿರ ಹೋಗಿ ಒಳಗೆ ನೋಡಿದಳು. ಬಿಟ್ಟ ಹೊಲಿಗೆಗೆ ಸಂಜಯ ಗೋಣಿಚೀಲದ ಚಿಂದಿ ತುರುಕಿದ್ದ. ಸ್ಟ್ಯಾಂಡ್ ಇನ್ನೂ ಮೂತಿಗೆ ಅಂಟಿಕೊಂಡಿತ್ತು. ಗಳ ಇರಲಿಲ್ಲ.

“ತಮ್ಮಾ,” ಅಂದಳು, ನನಗೆ. “ನೀ ಬರದ ಕಳಿಸಿದಿ. ನೀನ ಬರದ ಕರಸ.”

ಬರೆದೆ. ‘ವಿಠೋಬಾ ತಿರುಗಿ ಬಂದ’ ಎಂದು ಬರೆದೆ. ಸರಿ ಕಾಣಲಿಲ್ಲ, ಹೊಡೆದು ಹಾಕಿದೆ. ‘ಹೊತ್ತು ಮುಳುಗುವ ಮೊದಲು ಕಬ್ಬು ಅಲ್ಲಾಡಿತು’ ಎಂದು ಬರೆದೆ. ಕಬ್ಬು ಅಲ್ಲಾಡಿತು, ಗಾಳಿಗೆ. ಮೂರನೆಯ ಭಾಗದ ಕಂಸವನ್ನು ಪೂರ್ತಿ ಕಾಟು ಹಾಕಿದೆ. ನೀವು ಓದಿ ಆಗಿತ್ತು.

ಸಂಜಯ ಫೋನ್ ತೆಗೆದು ನೋಡಿ ಮತ್ತೆ ಕಿಸೆಯಲ್ಲಿಟ್ಟ. ಲಗಮವ್ವ ನಾವೆಯಲ್ಲಿ ತನ್ನ ಜಾಗಕ್ಕೆ ಹೋಗಿ, ಮುಂದೆ ಮುಖ ಮಾಡಿ ಕೂತಳು. ಗುಡಿಯ ಕಡೆ ನೋಡಿದಳು. ರೂಢಿ ಬಿಡಲಿಲ್ಲ.

“ಧ್ವಜ ಐತಿ,” ಅಂದಳು. “ಚಿಮಣಿ ಐತಿ.”

ಕೂಡೇತಿ ಅನ್ನಲಿಲ್ಲ.